ನಾಲ್ಕನೇ ದಿನದ ಜೋಕುಮಾರ

ಬೇವಿನ ಸೊಪ್ಪನ್ನು ಹಿಸುಕಿದರೆ ಬರುವ ವಾಸನೆ ಬರೀ ಕಹಿಯೆಂದು ಎಲ್ಲರೂ ಹೇಳುತ್ತಾರೆ. ನನ್ನ ಮೂಗಿಗೆ ಅದರಲ್ಲಿ ಬೆಣ್ಣೆಯ ವಾಸನೆಯೂ ಸೇರಿರುತ್ತದೆ, ಹಸಿ ಮಣ್ಣಿನದೂ. ಮೊನ್ನೆ ಮಹಾಂತೇಶ ನಗರದ ನಮ್ಮ ಬೀದಿಯಲ್ಲಿ, ಕರೆಂಟಿನ ತಂತಿಗೆ ತಾಗುತ್ತವೆಂದು ಬೇವಿನ ಟೊಂಗೆಗಳನ್ನು ಕಡಿದು ರಸ್ತೆಗೆ ಕೆಡವಿದ್ದರು. ಅವುಗಳ ಮೇಲೆ ಗಾಡಿಗಳು ಹಾದು ಎಲೆಯೆಲ್ಲ ಜಜ್ಜಿಹೋಗಿತ್ತು, ಆಮೇಲೆ ಒಂದು ಸಣ್ಣ ಮಳೆ ಬಂದು ಹೋಗಿತ್ತು. ಕಾಯಿಪಲ್ಲೆಯ ಚೀಲ ಹಿಡಿದು ಬರುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಖಾನಾಪುರದ ಆಯಿಯ ಮನೆ, ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿದ ಬಿದಿರಿನ ಬುಟ್ಟಿ, ಅದರೊಳಗೆ ಬೇವಿನ ಹಾಸಿಗೆಯ ಮೇಲೆ ಬಾಯಿ ತೆರೆದು ಕುಳಿತ ಮಣ್ಣಿನ ಜೋಕುಮಾರ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಅವುಗಳ ಬೆನ್ನಿಗೇ ನಾಚಿಕೆಯೂ ಬಂತು. ಇಪ್ಪತ್ತು ವರ್ಷ ದಾಟಿದರೂ ಅದು ದಾರಿ ತಪ್ಪದೆ ನನ್ನನ್ನು ಹುಡುಕಿಕೊಂಡು ಬರುತ್ತದೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ನಮ್ಮದು ಮಲಪ್ರಭೆಯ ದಂಡೆಯ ಅಂಬಿಗರ ಮನೆತನ. ಸೇತುವೆಯಾದ ಮೇಲೆ ದೋಣಿಯ ಕೆಲಸ ಹೋಯಿತು, ಗಂಡಸರು ಕೂಲಿಗೂ ಕಾರ್ಖಾನೆಗೂ ಹೋದರು. ಹೆಂಗಸರ ಪಾಲಿನ ಕೆಲಸವೊಂದು ಮಾತ್ರ ಉಳಿದಿತ್ತು. ಭಾದ್ರಪದದಲ್ಲಿ ಗಣಪ ಬಂದ ನಾಲ್ಕು ದಿನಕ್ಕೆ ಹುಟ್ಟುವ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆ ಮನೆ ತಿರುಗುವ ಕೆಲಸ ಅದು. ಆಯಿಗೆ ಅದು ಅವಳ ಅತ್ತೆಯಿಂದ ಬಂದಿತ್ತು, ಅತ್ತೆಗೆ ಅವಳ ಅತ್ತೆಯಿಂದ. ಹೊಳೆಯ ಕಡೆಗೆ ಮುಖ ಮಾಡಿದ್ದ ಆ ಮನೆ ಸಣ್ಣದು, ಹೆಂಚು ಹಳೆಯದು, ಗೋಡೆಗೆ ತೂಗುಹಾಕಿದ್ದ ಅಜ್ಜನ ಬಲೆಯಲ್ಲಿ ಗುಬ್ಬಿಗಳು ಗೂಡು ಕಟ್ಟಿದ್ದವು. ಮಳೆಗಾಲದಲ್ಲಿ ಒಲೆಯ ಹೊಗೆ ಹೊರಗೆ ಹೋಗಲು ಮನಸ್ಸಿಲ್ಲದೆ ಒಳಗೇ ಸುತ್ತುತ್ತಿತ್ತು, ನಮ್ಮ ಅಂಗಿ, ಹಾಸಿಗೆ, ರೊಟ್ಟಿ ಎಲ್ಲಕ್ಕೂ ಅದೇ ವಾಸನೆ. ಈಗ ಅಲ್ಲಿ ಯಾರೋ ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಹಾಕಿದ್ದಾರೆ.

ಆಯಿಯ ಮನೆಯಲ್ಲಿ ಕ್ಯಾಲೆಂಡರ್ ಇರಲಿಲ್ಲ. ಅವಳಿಗೆ ವರ್ಷ ತಿಳಿಯುತ್ತಿದ್ದುದು ಮಣ್ಣಿನಿಂದ. ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಎತ್ತು ಮಾಡಿ ಪೂಜಿಸುವುದು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಗುಲಗಂಜಿ ಅಂಟಿಸುವುದು, ಶ್ರಾವಣಕ್ಕೆ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಹಿಂದೆ ಜೋಕುಮಾರ. ಪ್ರತಿಯೊಂದನ್ನೂ ಮಾಡುವುದು, ಉಣಿಸುವುದು, ಮತ್ತೆ ನೀರಿಗೆ ಬಿಡುವುದು. ಚಳಿ ಬರುವ ಹೊತ್ತಿಗೆ ಪೈರು ಬಸುರಿಯಾಗಿರುತ್ತದೆಂದು ಸೀಗೆ ಹುಣ್ಣಿಮೆಯ ದಿನ ಹೊಲಕ್ಕೆ ಹೋಗಿ ಬಸುರಿಯ ಬಯಕೆ ತೀರಿಸುವ ಹಾಗೆ ಬಗೆಬಗೆಯ ಅಡುಗೆ ಚೆಲ್ಲಿ ಬರುತ್ತಿದ್ದೆವು. ಋತು ಅಂದರೆ ಏನೆಂದು ಶಾಲೆಯಲ್ಲಿ ಭೂಮಿ ಸೂರ್ಯರ ಚಿತ್ರ ಬರೆದು ಕಲಿಸಿದರು. ಆಯಿಯ ಲೆಕ್ಕದಲ್ಲಿ ಋತುವೆಂದರೆ ಮನೆಗೆ ಬರುವ ಯಾರೋ ಒಬ್ಬರು. ಬಂದವರಿಗೆ ಊಟ ಹಾಕಬೇಕು, ಹೊರಟವರನ್ನು ಅತ್ತು ಕಳಿಸಬೇಕು.

ಎಲ್ಲರಲ್ಲಿ ಜೋಕುಮಾರನ ಮೇಲೆ ಅವಳಿಗೆ ಹೆಚ್ಚು ಜೀವ. "ಗಣಪ್ಪ ದೊಡ್ಡ ಮನ್ಯಾವ. ಕಡಬು, ಹೋಳಿಗಿ ಉಂಡು ಹೋಗಿ, ಭೂಮಿ ಮ್ಯಾಲ ಎಲ್ಲಾರೂ ಛಲೋ ಅದಾರಪ್ಪಾ ಅಂತ ಶಿವನ ಮುಂದ ಹೇಳ್ತಾನ. ನಮ್ಮೋನು ಬಡವರ ಓಣ್ಯಾಗ ತಿರಗತಾನ, ನುಚ್ಚು ಅಂಬಲಿ ಉಣ್ಣತಾನ, ಒಣಗಿದ ಬಾವಿ ನೋಡ್ತಾನ. ಖರೇ ಸುದ್ದಿ ಹೇಳಾಂವ ಇವನಽ. ಇವ ಹೋಗಿ ಅತ್ತರಽ ಉತ್ತರಿ ಮಳಿ ಬೀಳೂದು," ಎನ್ನುತ್ತಿದ್ದಳು. ಭತ್ತ ತೆನೆ ಬಿಚ್ಚುವ ಹೊತ್ತಿನ ಮಳೆ ಅದು, ಅದು ಕೈಕೊಟ್ಟರೆ ಅಲ್ಲಿಯವರೆಗಿನ ಮಳೆಯೆಲ್ಲ ಹೊಳೆಗೆ ಹೋದ ಹಾಗೆಯೇ. ಅವನ ಆಯುಷ್ಯ ಏಳೇ ದಿನ. ಅಷ್ಟರಲ್ಲಿ ಊರೆಲ್ಲ ತಿರುಗಿ, ಹುಡುಗಿಯರ ಬೆನ್ನು ಹತ್ತಿ, ಮಾಡಬಾರದ ತಂಟೆಯನ್ನೆಲ್ಲ ಮಾಡಿ, ಏಳನೇ ದಿನ ಹೊಳೆಯ ದಂಡೆಯಲ್ಲಿ ಹೊಡೆತ ತಿಂದು ಸಾಯುತ್ತಾನೆ. ಸತ್ತ ಮೇಲೆಯೇ ಶಿವನ ಹತ್ತಿರ ಹೋಗಿ ನಮ್ಮ ಸುದ್ದಿ ಹೇಳಬೇಕು.

ಆಯಿ ಮತ್ತು ಅವಳ ಗೆಳತಿ ಗಂಗವ್ವ ಬುಟ್ಟಿ ಹೊತ್ತು ಹೊರಟರೆ ಸಣ್ಣವಳಾದ ನಾನು ಹಿಂದೆ ಓಡುತ್ತಿದ್ದೆ. ಬುಟ್ಟಿಯನ್ನು ಅಂಗಳದಲ್ಲಿಟ್ಟು ಇಬ್ಬರೂ ಕುಳಿತು ಹಾಡುತ್ತಿದ್ದರು. ಮನೆಯ ಹೆಂಗಸರು ಮೊರದಲ್ಲಿ ಅಕ್ಕಿ, ಮೆಣಸಿನಕಾಯಿ, ಹುಣಸೆಹಣ್ಣು ತಂದು ಸುರಿದು, ಅವನ ಅಗಲವಾದ ಬಾಯಿಗೆ ಬೆರಳಿನಿಂದ ಬೆಣ್ಣೆ ಸವರುತ್ತಿದ್ದರು. ಮರಾಠಿ ಮಾತಾಡುವ ಮನೆಗಳಲ್ಲೂ "ಯಾ, ಬಸಾ" ಎಂದು ಕೂರಿಸಿ ಬೆಣ್ಣೆ ಹಚ್ಚುತ್ತಿದ್ದರು. ಆಯಿ ಅವರಿಗೆ ಬೇವಿನ ಎಲೆ, ಒಂದು ಚಿಟಿಕೆ ನುಚ್ಚು ಕೊಡುತ್ತಿದ್ದಳು, ಗದ್ದೆಗೆ ಚೆಲ್ಲಿದರೆ ಹುಳ ಬೀಳುವುದಿಲ್ಲವೆಂದು. ಅವನ ತಂಟೆಯ ಹಾಡು ಬಂದಾಗ ಗಂಡಸರನ್ನು ಆಚೆಗೆ ಅಟ್ಟಿ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಸಂಜೆಯ ಹೊತ್ತಿಗೆ ಅವನ ಮುಖವೆಲ್ಲ ಬೆಣ್ಣೆಯಾಗಿ ಇರುವೆ ಮುತ್ತಿರುತ್ತಿದ್ದವು. ಆಯಿ ಒಂದೊಂದನ್ನೇ ಬೆರಳಿನಿಂದ ತೆಗೆದು ನೆಲಕ್ಕೆ ಬಿಡುತ್ತಿದ್ದಳು. ನಿಮ್ಮ ಓಣಿಗೂ ಅವನು ಬಂದಿದ್ದರೆ ಆ ಮುಖ ನಿಮಗೆ ನೆನಪಿದ್ದೀತು.

ಆದರೆ ಒಂದು ಹಾಡನ್ನು ಅವರು ಅಂಗಳದಲ್ಲಿ ಎಂದೂ ಹಾಡುತ್ತಿರಲಿಲ್ಲ. ಅದು ಅವನ ಸಾವಿನ ಹಾಡು. ಏಳನೇ ದಿನ ಹೊತ್ತು ಮುಳುಗುವಾಗ, ಒಗೆಯುವ ಕಲ್ಲಿನ ಮೇಲೆ ಅವನನ್ನು ಒಡೆದ ನಂತರವೇ ಅದನ್ನು ಹಾಡಬೇಕು. ಆಮೇಲೆ ಮೂರು ದಿನ ಆ ಕಲ್ಲಿನ ಮೇಲೆ ಯಾರೂ ಬಟ್ಟೆ ಒಗೆಯುವುದಿಲ್ಲ. ಒಂದು ವರ್ಷ ಹಟ ಹಿಡಿದು ಹೆಂಗಸರ ಜೊತೆ ನಾನೂ ಹೋಗಿದ್ದೆ. ನಿನ್ನೆಯವರೆಗೆ ನಗುತ್ತಿದ್ದ ಗಂಗವ್ವ ಸ್ವಂತ ಮಗ ಸತ್ತವಳಂತೆ ಎದೆ ಬಡಿದುಕೊಂಡಳು. ಆಯಿಯ ದನಿ ಒಡೆದು ಒಡೆದು ಬರುತ್ತಿತ್ತು. ನನಗೆ ಹೆದರಿಕೆಯಾಯಿತು, ಹಾಡೂ ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಅದನ್ನೇ ಗುನುಗುತ್ತ ಪಾತ್ರೆ ತೊಳೆಯುತ್ತಿದ್ದಾಗ ಆಯಿ ಓಡಿ ಬಂದು ನನ್ನ ಬಾಯಿ ಮುಚ್ಚಿದಳು. "ಅದನ್ನ ಸುಮ್‌ಸುಮ್ಕ ಹಾಡೂದಲ್ಲ ಶೋಬಿ. ಅದನ್ನ ಕೇಳಿದ ಮ್ಯಾಲ ಅಂವ ಉಳಿಯೂದಿಲ್ಲ," ಎಂದಳು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಗೊತ್ತಿಲ್ಲದೆ ಮಾಡಿದೆ ಎಂದು ನಾನು ಹೇಳುವ ಹಾಗಿಲ್ಲ.

ಅಪ್ಪನಿಗೆ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ ಸಿಕ್ಕಿ ನಾವು ಶಿವಬಸವ ನಗರದ ಬಾಡಿಗೆ ಮನೆಗೆ ಬಂದೆವು. ಎರಡು ಸಾವಿರದ ಆಸುಪಾಸು. ನಾನು ಎಂಟನೇ ಇಯತ್ತೆ. ಬೆಳಗಾವಿಯ ಶಾಲೆಯಲ್ಲಿ ನನ್ನ ಮಾತು ಕೇಳಿ ನಗುತ್ತಿದ್ದರು, ನನ್ನ ಸ್ವೆಟರಿನ ಹೊಗೆಯ ವಾಸನೆಗೆ ಬೆಂಚಿನಲ್ಲಿ ಸರಿದು ಕೂರುತ್ತಿದ್ದರು. ಭಾಷಣ ಸ್ಪರ್ಧೆ ಬಂತು, ವಿಷಯ ಮೂಢನಂಬಿಕೆ. ಬೆಕ್ಕು ಅಡ್ಡ ಬಂದದ್ದು, ಸೀನಿದ್ದು ಎಲ್ಲರೂ ಹೇಳುತ್ತಾರೆ, ನಿಮ್ಮ ಮನೆಯದೇ ಉದಾಹರಣೆ ಕೊಟ್ಟರೆ ಪರಿಣಾಮ ಬೀಳುತ್ತದೆ ಎಂದರು ನಮ್ಮ ಸರ್. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅವರ ಮೇಲೆ ನಾನು ಏನನ್ನೂ ಹೊರಿಸುವುದಿಲ್ಲ. ಊರ ಕಡೆ ಹೋದ ಅಪ್ಪ ಆಯಿಗೆ ಸುದ್ದಿ ಮುಟ್ಟಿಸಿದ, ಶೋಬಿ ಸಾಲೆಯಲ್ಲಿ ಜೋಕುಮಾರನ ಬಗ್ಗೆ ಮಾತಾಡುತ್ತಾಳಂತೆ ಎಂದು. ಏನು ಮಾತಾಡುತ್ತೇನೆಂದು ನಾನು ಅವನಿಗೂ ಹೇಳಿರಲಿಲ್ಲ.

ಸ್ಪರ್ಧೆಯ ದಿನ ಜೋಕುಮಾರ ಹುಟ್ಟಿ ನಾಲ್ಕನೇ ದಿನ. ಊರಲ್ಲೆಲ್ಲ ಗಣಪತಿಯ ಮಂಟಪಗಳು ಇನ್ನೂ ಇದ್ದವು. ಆಯಿ ಬರುತ್ತಾಳೆಂದು ನಾನು ಎಣಿಸಿರಲೇ ಇಲ್ಲ. ಆದರೆ ಅವಳೂ ಗಂಗವ್ವನೂ ಎರಡು ಬಸ್ಸು ಬದಲಿಸಿ, ಬುಟ್ಟಿಯನ್ನೂ ಹೊತ್ತು, ಶಾಲೆಯ ಬಾಗಿಲಿಗೆ ಬಂದು ನಿಂತಿದ್ದರು. ಆಯಿ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. "ಅವನ ಸುದ್ದಿ ಹೇಳ್ತಿ ಅಂದ್ರ ಅಂವನೂ ಕೇಳ್ಲಿ ಅಂತ ಕರ್ಕೊಂಡ ಬಂದೇನಿ," ಎಂದು ನಕ್ಕಳು. ಆಗಲಾದರೂ ಹೆಸರು ವಾಪಸು ತೆಗೆದುಕೊಳ್ಳಬಹುದಿತ್ತು. ಬೆಕ್ಕಿನ ಕತೆಯನ್ನೇ ಹೇಳಬಹುದಿತ್ತು. ಗೆಳತಿಯರು ಬುಟ್ಟಿಯನ್ನು ನೋಡಿ ಪಿಸುಗುಡುತ್ತಿದ್ದರು, ಆ ಪಿಸುಮಾತು ನಿಲ್ಲುವಂತೆ ಗೆಲ್ಲಬೇಕೆಂಬ ಹಟವೊಂದೇ ನನ್ನ ತಲೆಯಲ್ಲಿತ್ತು.

ವೇದಿಕೆ ಹತ್ತಿದೆ. ಕಸದ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡೆ, ಸೊಂಟ ತಿರುಗಿಸಿ ನಡೆದೆ. ಮಣ್ಣಿನ ಗೊಂಬೆ ಮಳೆ ತರುವುದಾದರೆ ಹವಾಮಾನ ಇಲಾಖೆಯನ್ನು ಮುಚ್ಚಿಬಿಡಬಹುದಲ್ಲವೇ ಎಂದು ಕೇಳಿದೆ. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ಆಯಿಯೂ ನಕ್ಕಳು. ಪಕ್ಕದವರಿಗೆ ನನ್ನನ್ನು ತೋರಿಸಿ ಏನೋ ಹೇಳುತ್ತಿದ್ದಳು, ನನ್ನ ಮೊಮ್ಮಗಳು ಎಂದೇ ಇರಬೇಕು. ಅವಳಿಗೆ ನನ್ನ ಪುಸ್ತಕದ ಭಾಷೆ ಅರ್ಧ ತಿಳಿದಿರಲಿಲ್ಲ. ಆ ನಗುವಿನ ಅಮಲಿನಲ್ಲಿ ನಾನು ಕೊನೆಯದನ್ನೂ ಮಾಡಿದೆ. ಗಂಗವ್ವನಂತೆ ಎದೆ ಬಡಿದುಕೊಂಡು, ಮೂಗಿನಲ್ಲಿ ರಾಗ ಎಳೆದು, ಸಾವಿನ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದೆ. ಹುಡುಗರು ಬೆಂಚು ಬಡಿದು ನಗುತ್ತಿದ್ದರು. ನಾನು ಆಯಿಯನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ತೊಡೆಯ ಮೇಲಿನ ಬುಟ್ಟಿಯ ಬಟ್ಟೆ ಸರಿಸಿ ಒಳಗೆ ನೋಡುತ್ತಿದ್ದಳು.

ಮೊದಲ ಬಹುಮಾನ ನನಗೇ ಬಂತು. ಅದನ್ನು ಹಿಡಿದು ಹೊರಗೆ ಬಂದಾಗ ಇಬ್ಬರೂ ಮೈದಾನದ ಕಟ್ಟೆಯ ಮೇಲೆ ಕುಳಿತಿದ್ದರು. ಗಂಗವ್ವ ನನ್ನನ್ನು ಕಂಡವಳೇ, "ಇದನ್ನಽ ಏನ ನಿನಗ ಸಾಲ್ಯಾಗ ಕಲಿಸಿದ್ದು?" ಎಂದು ಎದ್ದಳು. ಆಯಿ ಅವಳ ಸೆರಗು ಹಿಡಿದು ಕೂರಿಸಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಇವತ್ತ ನಾಕನೇ ದಿನಾ. ಇನ್ನ ಮೂರ ದಿನಾ ಬದುಕಬೇಕಿತ್ತ ಅಂವ," ಎಂದಳು ಆಯಿ.

"ಆಯಿ, ಅದು ಬರೇ ಮಣ್ಣು!" ಎಂದೆ.

"ಮಣ್ಣಂತ ನನಗೂ ಗೊತ್ತೈತಿ. ಕುಂಬಾರನ ಮನಿಂದ ಹೊತ್ತ ತಂದಾಕಿ ನಾನಽ ಅಲ್ಲೇನ? ಆದ್ರ ಅವನ ಸಾವಿನ ಹಾಡ ಅವನ ಕಿವಿಗೆ ಬಿತ್ತಲ್ಲ. ಇನ್ನೂ ಅರ್ಧಾ ಊರ ತಿರಗೂದು ಉಳದೈತಿ. ಸತ್ತಾವ್ನ ಹೊತಗೊಂಡು ಮಂದಿ ಅಂಗಳಕ್ಕ ನಾ ಹೆಂಗ ಹೋಗ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಏನು ಮಾಡಬೇಕೆಂದು ತಿಳಿಯದ ಹೆಂಗಸೊಬ್ಬಳು ತನ್ನ ಮೊಮ್ಮಗಳನ್ನೇ ದಾರಿ ಕೇಳುತ್ತಿದ್ದಳು. ಅವಳು ಬುಟ್ಟಿ ಎತ್ತಿಕೊಂಡಳು. ತಲೆಯ ಮೇಲೆ ಇಟ್ಟುಕೊಳ್ಳಲಿಲ್ಲ, ಕೂಸನ್ನು ಎತ್ತಿಕೊಳ್ಳುವ ಹಾಗೆ ಬಗಲಲ್ಲಿ ಇಟ್ಟುಕೊಂಡು ಬಸ್ಸಿನ ಕಡೆ ನಡೆದಳು.

ಅಂದೇ ಸಂಜೆ ಅವಳೊಬ್ಬಳೇ ಹೊಳೆಗೆ ಹೋಗಿ ಅವನನ್ನು ಬಿಟ್ಟು ಬಂದಳಂತೆ. ಅವನನ್ನು ಒಡೆಯಲಿಲ್ಲ, ಹಾಡಲಿಲ್ಲ. ಹಾಡುವುದನ್ನು ನಾನು ಆಗಲೇ ಮುಗಿಸಿದ್ದೆ. ಉಳಿದ ಓಣಿಗಳಲ್ಲಿ ಬೆಣ್ಣೆ ತೆಗೆದಿಟ್ಟುಕೊಂಡು ಕಾದವರಿಗೆ ಮೊಣಕಾಲು ನೋವೆಂದು ಹೇಳಿ ಕಳಿಸಿದಳು. ಮರುವರ್ಷ ಅವಳು ಮೂರ್ತಿ ತರಲು ಹೋಗದಿದ್ದಾಗ ಕುಂಬಾರನೇ ತಂದ, ತಿರುಗಿಸಿ ಕಳಿಸಿದಳು, ಅದರ ಮುಂದಿನ ವರ್ಷ ಅವನು ಬರಲೇ ಇಲ್ಲ. ಸೊಸೆಯಾದ ನನ್ನ ಅವ್ವನಿಗೆ ಒಪ್ಪಿಸಬೇಕಾಗಿದ್ದ ಬುಟ್ಟಿ ಅಟ್ಟ ಸೇರಿತು. ಅವ್ವನಿಗೇನೂ ಅಂಥ ಬೇಜಾರಾಗಲಿಲ್ಲ, ಅಪ್ಪ ಎಲ್ಲರೆದುರು ಆಯಿಗೆ ವಯಸ್ಸಾಯಿತೆಂದ. ಎಲ್ಲ ಬಲ್ಲ ಗಂಗವ್ವ ಯಾಕೆ ಬಾಯಿ ಬಿಡಲಿಲ್ಲವೆಂದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಮಂದಿಯ ಮುಂದೆ ಹುಡುಗಿಯ ಹೆಸರು ತೆಗೆಯಬೇಡವೆಂದು ಆಯಿ ಅವಳಿಂದ ಆಣೆ ಮಾಡಿಸಿದ್ದಳಂತೆ.

ಇನ್ನೂ ಒಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ಆ ವರ್ಷ ಉತ್ತರಿ ಮಳೆ ಚೆನ್ನಾಗಿಯೇ ಬಂತು. ದಸರೆಯ ರಜೆಗೆ ಹೋದಾಗ ತುಂಬಿದ ಗದ್ದೆ ತೋರಿಸಿ, "ನೋಡ ಆಯಿ, ಮಳಿ ಆತಲ್ಲ!" ಎಂದೆ. ನನ್ನ ತಪ್ಪು ಅದರಿಂದ ಹಗುರಾಗುತ್ತದೆಂದು ನನ್ನ ಲೆಕ್ಕ. ಅವಳು ಗದ್ದೆಯನ್ನೇ ನೋಡುತ್ತ, "ಹೌದವ್ವ. ಯಾವುದೋ ಬ್ಯಾರೇ ಊರಾಕಿ ಹೇಳಿ ಕಳಿಸಿರಬೇಕು ನಮ್ಮದೂ ಸುದ್ದಿ," ಎಂದಳು. ಆ ಊರಾಕೆ ಯಾರೋ, ಅವಳ ಋಣ ಆಯಿಯ ಮೇಲಿತ್ತು, ನನ್ನ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಆಯಿಯ ಮೊಣಕಾಲು ನಿಜವಾಗಿಯೂ ಕೆಟ್ಟು ಅಪ್ಪ ಅವಳನ್ನು ಶಿವಬಸವ ನಗರಕ್ಕೆ ಕರೆತಂದ. ಒಂದು ಭಾದ್ರಪದದ ಮಧ್ಯಾಹ್ನ ಯಾವುದೋ ಹಳ್ಳಿಯ ಹರೆಯದ ಹೆಂಗಸೊಬ್ಬಳು ಬುಟ್ಟಿ ಹೊತ್ತು ನಮ್ಮ ಓಣಿಗೆ ಬಂದಳು. ಒಂದೆರಡು ಮನೆಯವರು ಮುಂದೆ ಹೋಗೆಂದಿದ್ದರು. ಆಯಿ ಬಾಗಿಲಲ್ಲಿ ಕುಳಿತಿದ್ದವಳು ಎರಡೂ ಕೈ ಚಾಚಿ, "ಬಾರವ್ವ, ಬಾ, ಎಷ್ಟನೇ ದಿನ ಇವತ್ತ?" ಎಂದು ಕರೆದಳು. ಬುಟ್ಟಿಯನ್ನು ತೊಡೆಯ ಮೇಲೆ ಇಡಿಸಿಕೊಂಡಳು. ಅವಳ ಮುಖ ಹಾಗೆ ಅರಳಿದ್ದನ್ನು ನೋಡಿ ವರ್ಷಗಳಾಗಿದ್ದವು. ಒಳಗಿನಿಂದ ನಾನು ಒಂದು ಬಟ್ಟಲಲ್ಲಿ ಬೆಣ್ಣೆ ತಂದೆ. ಇವತ್ತು ಹೇಳಿಬಿಡುತ್ತೇನೆ, ಇವನ ಎದುರಿಗೇ ತಪ್ಪಾಯಿತು ಆಯಿ ಎಂದುಬಿಡುತ್ತೇನೆ ಎಂದು ಬಾಗಿಲು ದಾಟುವಷ್ಟರಲ್ಲಿ ಗಟ್ಟಿ ಮಾಡಿಕೊಂಡೆ. ಬೆರಳಿಗೆ ಬೆಣ್ಣೆ ತೆಗೆದುಕೊಂಡು ಬುಟ್ಟಿಯ ಮೇಲೆ ಬಾಗಿದೆ. ಆಯಿ ಥಟ್ಟನೆ ಸೆರಗೆಳೆದು ಅವನ ಮುಖ ಮುಚ್ಚಿದಳು.

ಬೇಕೆಂದು ಮಾಡಿದ್ದಲ್ಲ. ಕೈ ತಾನಾಗಿಯೇ ಹೋಗಿತ್ತು. ಏನು ಮಾಡಿದೆನೆಂದು ಮರುಕ್ಷಣ ಅವಳಿಗೇ ತಿಳಿದು, ನನ್ನ ಮುಖ ನೋಡಿ, ಅವಳೇ ನಾಚಿದಳು. ಸೆರಗು ಸರಿಸಿ, "ಹಚ್ಚ ಶೋಬಿ, ಹಚ್ಚ, ಏನಾಗೂದಿಲ್ಲ," ಎಂದಳು. ಹಚ್ಚಿದೆ. ಹೇಳಬೇಕೆಂದಿದ್ದ ಮಾತು ಹೊರಡಲಿಲ್ಲ. ಆಯಿ ಬುಟ್ಟಿಯ ಅಂಚಿನ ಮೇಲೆ ಒಂದು ಕೈ ಇಟ್ಟುಕೊಂಡೇ ಇದ್ದಳು, ನಾನು ಬಟ್ಟಲು ಹಿಡಿದು ಒಳಗೆ ಹೋಗುವವರೆಗೂ.