ಸೈಕಾಲಜಿ ಮೇಡಂ ಯಲ್ದೂರಿಗೆ ಬಂದ ದಿನ

ಮೊನ್ನೆ ಪಕ್ಕದ ಮನೆಯವರು ಮಗುವಿಗೆ ದೃಷ್ಟಿ ತೆಗೆದು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಘಾಟು ನಮ್ಮ ಅಡುಗೆಮನೆಗೂ ನುಗ್ಗಿತು. ಮನೆಯವರಿಗೆಲ್ಲ ಕೆಮ್ಮು ಬಂದರೆ ನನಗೆ ಸಿಟ್ಟು ಬಂತು. ಪಿಯುಸಿಯಲ್ಲಿ ನಮಗೆ ಮನಃಶಾಸ್ತ್ರ ಕಲಿಸಿದ ಮೇಡಂ ಕಣ್ಣೆದುರು ಬಂದು ನಿಂತರು.

ಶ್ರೀನಿವಾಸಪುರದ ಕಡೆಯ ಒಂದು ಖಾಸಗಿ ಕಾಲೇಜು ಅದು. ಸೈಕಾಲಜಿ ತೆಗೆದುಕೊಂಡವರು ಬೆರಳೆಣಿಕೆಯಷ್ಟು ಹುಡುಗಿಯರು. "ಹುಚ್ಚಾಸ್ಪತ್ರೆ ಬ್ಯಾಚ್ ಬಂತು ಕಣ್ರೋ" ಎಂದು ಸೈನ್ಸ್ ಹುಡುಗರು ಕೂಗುತ್ತಿದ್ದರು. ಮೇಡಂ ಒಂದು ದಿನ ಅವರನ್ನೇ ತರಗತಿಗೆ ಕರೆದು, ಕನ್ನಡಿಯಲ್ಲಷ್ಟೇ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಲು ಹೇಳಿದರು. ಒಬ್ಬನ ಕೈಯೂ ನೆಟ್ಟಗೆ ಹೋಗಲಿಲ್ಲ. "ನೋಡ್ರಪ್ಪಾ, ಕೈ ನಿಮ್ ಮಾತೇ ಕೇಳ್ತಿಲ್ಲ. ನಿಮಗೇನ್ ಹುಚ್ಚಾ?" ಎಂದು ನಕ್ಕರು.

ನನ್ನ ಬೆಂಚಿನ ಗೆಳತಿ ಯಲ್ದೂರಿನವಳು. ಎರಡನೇ ವರ್ಷದಲ್ಲಿ ಅವಳ ತಾಯಿ ತೀರಿಕೊಂಡರು. ಆಮೇಲೆ ಅವಳಿಗೆ ನಿದ್ದೆಯಿಲ್ಲ, ಊಟವಿಲ್ಲ. ಅಮ್ಮ ಕರೆಯುತ್ತಿದ್ದಾಳೆ ಎಂದು ಪಾಠದ ನಡುವೆಯೇ ಎದ್ದು ಹೋಗುತ್ತಿದ್ದಳು. ಕೊನೆಗೆ ಕಾಲೇಜಿಗೆ ಬರುವುದನ್ನೇ ಬಿಟ್ಟಳು. ತಾಯಿಯೇ ಮೈಮೇಲೆ ಬಂದಿದ್ದಾಳೆ, ಬಿಡಿಸುತ್ತಿದ್ದಾರೆ ಎಂಬ ಸುದ್ದಿ ಬಂತು. ಮೇಡಂ ಅವತ್ತೇ ನನ್ನನ್ನು ಕರೆದುಕೊಂಡು ಯಲ್ದೂರಿನ ಬಸ್ಸು ಹತ್ತಿದರು.

ನಡುಮನೆ ತುಂಬ ಮೆಣಸಿನಕಾಯಿ ಹೊಗೆ. ಗೆಳತಿಯನ್ನು ಕೆಂಡದ ಮುಂದೆ ಬಗ್ಗಿಸಿ ಹಿಡಿದಿದ್ದರು. ಬೇವಿನ ಕೊಂಬೆ ಹಿಡಿದ ಮಂತ್ರವಾದಿಯೊಬ್ಬ ನಿಂತಿದ್ದ. ಮೇಡಂ ಯಾರನ್ನೂ ಕೇಳಲಿಲ್ಲ. ಮೂಲೆಯಲ್ಲಿದ್ದ ನೀರಿನ ಬಿಂದಿಗೆ ಎತ್ತಿ ಕೆಂಡದ ಮೇಲೆ ಸುರಿದು, "ಇವಳನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ" ಎಂದರು.

"ಮದ್ವೆ ಆಗ್ಬೇಕಾದ ಹುಡುಗಿ ಮೇಡಂ! ಹುಚ್ಚಾಸ್ಪತ್ರೆಗೆ ಹೋದ್ಲು ಅಂದ್ರೆ ಯಾರ್ ಮಾಡ್ಕೋತಾರೆ?" ಎಂದು ಅವಳ ಅಪ್ಪ ಅಬ್ಬರಿಸಿದ.

"ಜ್ವರ ಬಂದ್ರೆ ಆಸ್ಪತ್ರೆಗೆ ಹೋಗಲ್ವಾ ಅಣ್ಣಾ? ಇದೂ ಹಂಗೇನೇ" ಎಂದರು ಮೇಡಂ. ಆಮೇಲೆ ಗೆಳತಿಯ ಅಜ್ಜಿಯ ಪಕ್ಕ ಕೂತು ಅವರ ಮನೆಮಾತು ತೆಲುಗಿಗೆ ತಿರುಗಿದರು. "ದೆಯ್ಯಂ ಕಾದವ್ವಾ, ದುಃಖಂ." ದೆವ್ವವಲ್ಲ, ದುಃಖ ಅಂತ. ಅಜ್ಜಿ ಸೊಸೆಯನ್ನು ನೆನೆದು ಅಳತೊಡಗಿತು... ಮಾರನೆಯ ದಿನ ಮೊಮ್ಮಗಳನ್ನು ಕೋಲಾರದ ಆಸ್ಪತ್ರೆಗೆ ಕರೆತಂದದ್ದು ಆ ಅಜ್ಜಿಯೇ.

ಗೆಳತಿ ನಿಧಾನವಾಗಿ ಚೇತರಿಸಿಕೊಂಡಳು, ಪರೀಕ್ಷೆಯನ್ನೂ ಬರೆದಳು. ಆದರೆ ಅವಳ ಅಪ್ಪ ನೆಂಟರನ್ನು ಕಟ್ಟಿಕೊಂಡು ಕಾಲೇಜಿಗೆ ಬಂದು, ಮನೆತನದ ಮಾನ ಹೋಯಿತೆಂದು ಕೂಗಾಡಿದ. ಪ್ರಿನ್ಸಿಪಾಲರು ನಮ್ಮೆದುರೇ ಮೇಡಂಗೆ, "ನಿಮ್ಮನ್ನ ಪಾಠ ಮಾಡೋಕೆ ಕರೆದಿದ್ದು, ಊರು ಸುತ್ತೋಕಲ್ಲ" ಎಂದರು.

"ನಾನು ಮಾಡಿದ್ದೂ ಪಾಠಾನೇ ಸಾರ್."

ವರ್ಷವರ್ಷವೂ ಕರೆದು ಕೆಲಸ ಕೊಡುತ್ತಿದ್ದ ಮೇಡಂ ಅವರನ್ನು ಆ ಜೂನ್‌ನಲ್ಲಿ ಮತ್ತೆ ಕರೆಯಲಿಲ್ಲ. ಮಕ್ಕಳು ಸೇರುತ್ತಿಲ್ಲ ಎಂಬ ನೆಪ ಹೇಳಿ ಸೈಕಾಲಜಿಯನ್ನೇ ಮುಚ್ಚಿದರು. ಮುಳಬಾಗಿಲಿನ ಕಡೆಯಿಂದ ಅದಕ್ಕೆಂದೇ ಬಂದ ಹುಡುಗಿಯರನ್ನು ಸಮಾಜಶಾಸ್ತ್ರಕ್ಕೆ ತಳ್ಳಿದ್ದನ್ನು, ಅಂಕಪಟ್ಟಿ ತರಲು ಹೋದಾಗ ನಾನೇ ಕಂಡಿದ್ದೇನೆ. ಒಂದು ಹೆಣ್ಣುಮಗುವನ್ನು ಹೊಗೆಯಿಂದ ಎಳೆದು ತಂದದ್ದು ಕಾಲೇಜಿನವರ ಕಣ್ಣಿಗೆ ಶಿಸ್ತುಭಂಗ! ಮೇಡಂ ಮಾಲೂರಿನ ಯಾವುದೋ ಶಾಲೆ ಸೇರಿ ಸಣ್ಣ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದರಂತೆ... ಹೋದ ವರ್ಷ ಕಾಯಿಲೆಯಾಗಿ ತೀರಿಕೊಂಡರು. ನಮಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಹೋದ ತಿಂಗಳು ಅದೇ ಕಾಲೇಜಿನಲ್ಲಿ ಮಾನಸಿಕ ಆರೋಗ್ಯದ ಕಾರ್ಯಕ್ರಮ. ಹಳೆಯ ವಿದ್ಯಾರ್ಥಿಗಳೆಂದು ನಮ್ಮಿಬ್ಬರನ್ನೂ ಕರೆದಿದ್ದರು. ಮುಖ್ಯ ಅತಿಥಿ, ನಿವೃತ್ತರಾದ ಆ ಪ್ರಿನ್ಸಿಪಾಲರೇ. "ಮನಸ್ಸಿನ ಕಾಯಿಲೆಗೆ ನಾಚಿಕೊಳ್ಳಬಾರದು" ಎಂದು ಅವರು ಹೇಳುತ್ತಿದ್ದಂತೆ ಗೆಳತಿ ಎದ್ದು ನಿಂತಳು.

"ನಾನು ಆ ಕಾಯಿಲೆಗೇ ಮಾತ್ರೆ ನುಂಗಿ ಬದುಕಿದೋಳು ಸಾರ್. ನನಗೆ ಆಸ್ಪತ್ರೆ ದಾರಿ ತೋರ್ಸಿದ ಮೇಡಂನ ಯಾಕ್ ಕಳ್ಸಿದ್ರಿ?"

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನಿರೂಪಕಿ ಅವಸರದಲ್ಲಿ ವಂದನಾರ್ಪಣೆಗೆ ಕರೆದಳು. ಗೆಳತಿ ಮಾತ್ರ ಕೂರಲಿಲ್ಲ. ನಾನೂ ಎದ್ದು ಅವಳ ಪಕ್ಕ ನಿಂತೆ. ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕಿದ್ದ ಒಬ್ಬರೇ ಒಬ್ಬರು ಆ ಸಭೆಯಲ್ಲಿರಲಿಲ್ಲ.