ಒಳಗೇ ಉಳಿದ ಕರಡಿಗೆ

ಕಡೂರು ಬಸ್ಸಿನ ನೂಕಾಟದಲ್ಲಿ ಯಾವನೋ ನನ್ನ ಕೊರಳಿನ ಶಿವದಾರ ಕತ್ತರಿಸಿ, ಬೆಳ್ಳಿ ಕರಡಿಗೆನ ಲಿಂಗದ ಸಮೇತ ಹೊಡ್ಕೊಂಡು ಹೋದ. ಲಿಂಗ ಮೈಮೇಲಿಲ್ಲದೆ ನಾನು ಹನಿ ನೀರೂ ಮುಟ್ಟಲ್ಲ. ಮಾರನೇ ದಿನ ಮಫ್ತಿ ಪೊಲೀಸಪ್ಪ ತರೀಕೆರೆಯ ಬೆಳ್ಳಿ ಅಂಗಡೀಲಿ ಗಿರಾಕಿ ಥರ ಕಾದು ಕೂತು ಕಳ್ಳನ್ನ ಹಿಡಿದ. ನನ್ನ ಠಾಣೆಗೆ ಕರೆಸಿ ಮೂರು ಕರಡಿಗೆ ಮುಂದಿಟ್ಟ.

“ನಿಮ್ದು ಯಾವುದಜ್ಜಿ? ಮೊದ್ಲು ಟೀ ಕುಡೀರಿ.”

“ಲಿಂಗ ಕೊಡಪ್ಪ, ಆಮೇಲೆ ಟೀ. ಅಗೋ, ಹಲ್ಲಿನ ಗುರುತಿರೋದೇ ನಂದು. ಮೊಮ್ಮಗಳು ಕಚ್ಚಿದ್ದು.”

“ಆದ್ರೆ ಇದು ಕೋರ್ಟಿಗೆ ಹೋಗ್ಬೇಕಜ್ಜಿ.”

“ಬೆಳ್ಳಿ ನೀನೇ ಇಟ್ಕಳಪ್ಪ. ಒಳಗಿರೋ ಲಿಂಗ ಕೊಡು, ಗಂಟಲು ಒಣಗೈತೆ.”

ಆತ ಬೂಟು ಬಿಚ್ಚಿ, ಕೈ ತೊಳೆದು ಬಂದು, ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದ. ಲಿಂಗ ಕಣ್ಣಿಗೊತ್ತಿಕೊಂಡು, ಬಟ್ಟೇಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ನೀರು ಇಳಿದ ಮೇಲೆ ಹೋದ ಜೀವ ಬಂತು. ಆರಿದ ಟೀನೂ ಬಿಡಲಿಲ್ಲ.

ಈಗ ಕಳ್ಳ ಜಾಮೀನಿನ ಮೇಲೆ ಆಚೆ ಬಂದವ್ನೆ. ನನ್ನ ಕರಡಿಗೆ ಮಾತ್ರ ಇನ್ನೂ ಒಳಗೈತೆ.