ಎಡಗಾಲಿಗೆ ಕೆಲಸವಿಲ್ಲದ ಕಾರು

ಎರಡು ವಸ್ತುಗಳನ್ನು ಎದುರಿಗಿಟ್ಟು ಒಂದನ್ನು ಆರಿಸಿಕೋ ಎಂದರೆ ಆ ಕ್ಷಣವೇ ನನ್ನ ಬುದ್ಧಿ ರಜೆಯ ಮೇಲೆ ಹೋಗುತ್ತದೆ. ಸಂತೆಯಲ್ಲಿ ಎರಡು ಬದನೆಕಾಯಿ ಗುಂಪುಗಳ ನಡುವೆ ನಾನು ಧ್ಯಾನಸ್ಥನಾಗಿ ನಿಂತದ್ದನ್ನು ನೋಡಿ ಬೇಸತ್ತ ಮಾರುವಾಕೆ, ನನ್ನ ಹಿಂದೆ ನಿಂತವರಿಗೆ ಎರಡನ್ನೂ ಕೊಟ್ಟು ಕಳಿಸಿದ ಪ್ರಸಂಗ ಒಮ್ಮೆಯಲ್ಲ, ಎರಡು ಸಲ ನಡೆದಿದೆ. ಜವಳಿ ಅಂಗಡಿಗೆ ಹೆಂಡತಿ ನನ್ನನ್ನು ಕರೆದೊಯ್ಯುವುದು ಚೀಲ ಹಿಡಿಯುವುದಕ್ಕಷ್ಟೇ. ಅಭಿಪ್ರಾಯ ಹೇಳುವ ಹೊಣೆಯಿಂದ ಮದುವೆಯಾದ ವರ್ಷವೇ ನನಗೆ ಬಿಡುಗಡೆಯಾಗಿದೆ. ಕನ್ನಡ ಅಧ್ಯಾಪಕನಾದ ನಾನು ಎಂಥ ಸಂಧಿಯನ್ನಾದರೂ ಬಿಡಿಸಬಲ್ಲೆ. ಬಿಡಿಸಲಾರದ್ದು ಸಂದಿಗ್ಧವನ್ನು ಮಾತ್ರ.

ಇಂಥವನನ್ನು ನನ್ನ ಸೋದರಮಾವ ಒಮ್ಮೆ ಎರಡು ಕಾರುಗಳ ನಡುವೆ ನ್ಯಾಯ ಹೇಳಲು ಕರೆಸಿದ್ದರು ಎಂದರೆ, ಓದುಗರೇ, ನೀವು ನಗಬಹುದು. ನಗಿ. ಆಮೇಲೆ ಏನಾಯಿತು ಎಂಬುದನ್ನೂ ಕೇಳಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಕೊಪ್ಪಳದ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದೆ. ಮಾವ ವೀರಭದ್ರಪ್ಪನವರದು ಗಂಗಾವತಿಯಲ್ಲಿ ಅಕ್ಕಿ ಗಿರಣಿ. ಅವರಲ್ಲೊಂದು ದುಂಡು ಮೈಯ ಹಳೆಯ ಕಾರಿತ್ತು. ಅದರ ಹಿಂಬಾಗಿಲನ್ನು ಹಗ್ಗದಿಂದ ಕಟ್ಟಿ ಮುಚ್ಚಬೇಕಾದ ಸ್ಥಿತಿ ಬಂದಿದ್ದರೂ ಅದು ಊರೂರು ಸುತ್ತುತ್ತಿತ್ತು, ಸುತ್ತಿಸುತ್ತಿದ್ದವನು ಯಮನೂರಪ್ಪ. ಬೇವೂರಿನ ಒಕ್ಕಲು ಮನೆತನದವನು, ಇಪ್ಪತ್ತು ವರ್ಷದಿಂದ ಮಾವನ ಡ್ರೈವರು. ಒಂದು ಬೇಸಿಗೆಯ ರಜೆಯಲ್ಲಿ ನನಗೆ ಕಾರು ಕಲಿಸಿದವನೂ ಅವನೇ. ಕ್ಲಚ್ ತುಳಿಯುವುದೆಂದರೆ ಗಾಡಿಯನ್ನು ಒಂದು ಮಾತು ಕೇಳಿದಂತೆ, ಕೇಳದೆ ಗೇರು ಹಾಕಿದರೆ ಅದಕ್ಕೆ ಸಿಟ್ಟು ಬರುತ್ತದೆ ಎಂದು ಅವನು ಹೇಳಿಕೊಡುತ್ತಿದ್ದ. ನನ್ನ ಕೈಯಲ್ಲಿ ಅದಕ್ಕೆ ಬಹಳ ಸಲ ಸಿಟ್ಟು ಬಂದಿತ್ತು.

ಹಳೆಯ ಕಾರಿಗೆ ವಿಶ್ರಾಂತಿ ಕೊಡುವ ವಿಚಾರ ಮಾವನ ಮನೆಯಲ್ಲಿ ನಡೆದಿದ್ದಾಗಲೇ ಹೈದರಾಬಾದಿನ ಇಬ್ಬರು ಗುತ್ತಿಗೆದಾರರು, ಅಣ್ಣ ತಮ್ಮ, ಕಾಲುವೆಯ ಕೆಲಸ ಮುಗಿಸಿ ಊರಿಗೆ ಹೊರಟು ನಿಂತರು. ಮಾವನಿಗೆ ಸ್ನೇಹಿತರು. ಅವರಿಬ್ಬರಲ್ಲಿ ವಿದೇಶದಿಂದ ತರಿಸಿದ ಒಂದೇ ಮಾದರಿಯ ಎರಡು ಸ್ಪೋರ್ಟ್ಸ್ ಕಾರುಗಳಿದ್ದವು. ಎರಡೇ ಬಾಗಿಲು, ಕುಳಿತರೆ ನೆಲದ ಮೇಲೆ ಕುಳಿತಷ್ಟು ತಗ್ಗು, ನಿಂತಲ್ಲೇ ಓಡುತ್ತಿರುವಂಥ ಚೂಪು ಮೂತಿ. ತಮ್ಮನ ಬೂದು ಕಾರಿಗೆ ಕೈಯಿಂದ ಹಾಕುವ ಗೇರು. ಅಣ್ಣನ ಕೆಂಪು ಕಾರು ತನ್ನ ಗೇರನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ಅದಕ್ಕೆ ಕ್ಲಚ್ಚೇ ಇರಲಿಲ್ಲ. ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ, ಯಾವುದೆಂದು ಭಾನುವಾರ ಹೇಳಿ ಎಂದು ಅವರು ಎರಡೂ ಕಾರುಗಳನ್ನು ಗಿರಣಿಯ ಅಂಗಳದಲ್ಲಿ ನಿಲ್ಲಿಸಿ ಹೋದರು.

ಅಕ್ಕಿ ಗಿರಣಿಯ ಯಜಮಾನರಿಗೆ ಸ್ಪೋರ್ಟ್ಸ್ ಕಾರು ಏಕೆ ಎಂದು ಅತ್ತೆ ಶಾಂತಮ್ಮ ಕೇಳಿದ್ದರಂತೆ. ಅದು ಕಾರಲ್ಲ, ಚಿರತೆ ಎಂದು ಮಾವ ಉತ್ತರಿಸಿದ್ದರಂತೆ. ಚಿರತೆಯೊಳಗೆ ಇಳಕಲ್ಲು ಸೀರೆಯುಟ್ಟು ಹತ್ತುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಮಾತ್ರ ಗಿರಣಿಗೆ ಹೊತ್ತಾಯಿತೆಂದು ಎದ್ದುಹೋಗಿದ್ದರಂತೆ. ಕೈಗೇರೋ, ತನ್ನಷ್ಟಕ್ಕೆ ಬೀಳುವ ಗೇರೋ ಎಂಬುದು ಮನೆಯಲ್ಲಿ ಇತ್ಯರ್ಥವಾಗದೆ, ಓದಿದವನು ಹೇಳಲಿ ಎಂದು ಬಸ್ಸಿನ ಕಂಡಕ್ಟರನ ಮೂಲಕ ನನಗೆ ಕರೆ ಬಂತು. ಶನಿವಾರ ಮಧ್ಯಾಹ್ನ ಗಂಗಾವತಿಯಲ್ಲಿ ಇಳಿದೆ.

ಮೊದಲು ನನ್ನ ಪಾಂಡಿತ್ಯದ ಪರೀಕ್ಷೆಯಾಯಿತು. ಕೆಂಪು ಕಾರಿನ ಗೇರಿನ ಕೋಲಿನ ಪಕ್ಕದಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರಗಳಿದ್ದವು. ಗುತ್ತಿಗೆದಾರರು ಹೇಳಿಹೋದದ್ದನ್ನು ಮಾವ ಅರ್ಧ ಮರೆತಿದ್ದರು. ಇದು ನಿಲ್ಲಲಿಕ್ಕೆ, ಇದು ಹಿಂದಕ್ಕೆ, ಇದು ಮುಂದಕ್ಕೆ ಎಂದು ನಾನು ವಿವರಿಸಿದೆ. ಉಳಿದ ಒಂದು ಅಕ್ಷರ ಏನೆಂದು ಕೇಳಿದರು. ನ್ಯೂಟ್ರಲ್, ಕನ್ನಡದಲ್ಲಿ ತಟಸ್ಥ ಎಂದೆ.

“ಅಂದ್ರ ಅದು ನಿನ್ನ ಗೇರು ಅನ್ನು,” ಅಂದರು ಮಾವ.

ಶ್ರೀರಾಮನಗರದ ಕಡೆ ಹೋಗುವ ಕಾಲುವೆಯ ರಸ್ತೆಯಲ್ಲಿ ಪರೀಕ್ಷೆ. ಎರಡೂ ಬದಿಗೆ ಭತ್ತದ ಗದ್ದೆ, ಜನಸಂಚಾರ ವಿರಳ. ಕೆಂಪು ಕಾರನ್ನು ಮೊದಲು ನಾನು ಓಡಿಸಿದೆ. ಮಾವ ಪಕ್ಕದಲ್ಲಿ, ಅತ್ತೆ ತಮ್ಮ ಎಲೆ ಅಡಿಕೆಯ ಸಂಚಿಯೊಡನೆ ಹಿಂದಿನ ಇಕ್ಕಟ್ಟಿನಲ್ಲಿ. ಬೂದು ಕಾರನ್ನು ಯಮನೂರಪ್ಪ ನಮ್ಮ ಹಿಂದೆ ತಂದ. ಹೊರಟದ್ದು ಹಂಸದ ಹಾಗೆ. ಆದರೆ ವೇಗ ಏರುತ್ತಿದ್ದಂತೆ, ಇನ್ನೀಗ ಗೇರು ಬದಲಿಸಬೇಕು ಎಂದು ನನ್ನ ಎಡಗಾಲು ತಾನಾಗಿಯೇ ನಿರ್ಧರಿಸಿ, ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ, ಆ ಜಾಗದವರೆಗೂ ಚಾಚಿಕೊಂಡಿದ್ದ ಬ್ರೇಕನ್ನು ಬಲವಾಗಿ ತುಳಿದುಬಿಟ್ಟಿತು. ಕಾರು ನಿಂತಿತು, ನಾವು ನಿಲ್ಲಲಿಲ್ಲ. ಮಾವನ ಹಣೆ ಗಾಜಿಗೆ ತಾಗಿತು. ಅತ್ತೆಯ ಸಂಚಿ ನನ್ನ ಕಿವಿಯ ಪಕ್ಕದಿಂದ ಹಾರಿ ಬಂದು ಅಡಿಕೆಯನ್ನೆಲ್ಲ ಚೆಲ್ಲಿತು. ನನ್ನನ್ನು ಸಾಕಷ್ಟು ಬೈದು ಮಾವ ಚಕ್ರ ಹಿಡಿದರು. ಅಲ್ಪಸ್ವಲ್ಪ ಕಾರು ನಡೆಸಲು ಬರುತ್ತಿದ್ದ ಅವರ ಎಡಗಾಲೂ ಹಳೆಯ ಸಂಪ್ರದಾಯದ್ದೇ. ಆರಿಸಿಟ್ಟ ಅಡಿಕೆ ಮತ್ತೊಮ್ಮೆ ಚೆಲ್ಲಿತು. ಅತ್ತೆ ಇಳಿದು ಮರದ ನೆರಳಿಗೆ ಹೋದರು.

ಆಮೇಲೆ ಯಮನೂರಪ್ಪ ಕುಳಿತ. ಪಕ್ಕದಲ್ಲಿ ನಾನು. ಅವನೂ ಈ ಕಾರನ್ನು ಮುಟ್ಟಿದ್ದು ಅದೇ ಮೊದಲು. ನಾನು ಎರಡೂ ಕೈಗಳಿಂದ ಮುಂದಿನ ಹಲಗೆಯನ್ನು ಹಿಡಿದು ಸಿದ್ಧನಾದೆ. ಏನೂ ಆಗಲಿಲ್ಲ. ಕಾರು ಎಣ್ಣೆಯ ಮೇಲೆ ಜಾರಿದಂತೆ ಹೋಗಿ, ತಿರುಗಿ, ಹಾಗೆಯೇ ಬಂದು ನಿಂತಿತು. ಆಶ್ಚರ್ಯದಿಂದ ಅವನ ಕಾಲುಗಳತ್ತ ನೋಡಿದೆ. ಬಲಗಾಲು ಕೆಲಸ ಮಾಡುತ್ತಿತ್ತು. ಎಡಗಾಲು ಎಲ್ಲಿಟ್ಟಿದ್ದನೋ ಅಲ್ಲೇ, ಯಾರೋ ಬಿಟ್ಟುಹೋದ ಸಾಮಾನಿನಂತೆ ಬಿದ್ದಿತ್ತು.

ಬೂದು ಕಾರಿನಲ್ಲೂ ಅವನೇ ಕುಳಿತ. ಈಗ ನನ್ನ ಕಣ್ಣು ರಸ್ತೆಯ ಮೇಲಿರಲಿಲ್ಲ. ಹೊರಡುವಾಗ ಅವನು ಎಡಗಡೆಗೆ ವಾಲಿ, ಮೊಣಕೈಯನ್ನು ತೊಡೆಯ ಮೇಲೆ ಊರಿ, ಮೈಭಾರವನ್ನೆಲ್ಲ ಬಿಟ್ಟು ಕ್ಲಚ್ ಒತ್ತಿದ. ಇತ್ತೀಚೆಗೆ ಹಳೆಯ ಕಾರಿನಲ್ಲೂ ಅವನು ಹೀಗೆ ವಾಲುವುದನ್ನು ನೋಡಿ ಅದೊಂದು ಠೀವಿ ಅಂದುಕೊಂಡಿದ್ದೆ. ಒಮ್ಮೆ ಹೊರಟ ಮೇಲೆ ಕ್ಲಚ್ಚಿನ ಗೊಡವೆಗೇ ಹೋಗಲಿಲ್ಲ. ಇಂಜಿನ್ನಿನ ಸದ್ದು ಕೇಳಿ, ಸರಿಯಾದ ಗಳಿಗೆ ನೋಡಿ, ಗೇರನ್ನು ಮೆಲ್ಲಗೆ ಜಾರಿಸುತ್ತಿದ್ದ. ಗಾಡಿಯನ್ನು ಕೇಳದೆ ಗೇರು ಹಾಕಬಾರದೆಂದು ನನಗೆ ಕಲಿಸಿದವನು.

ಹಿಂತಿರುಗಿದಾಗ ಮಾವ ಅತ್ತೆ ಇಬ್ಬರೂ ದೂರದಲ್ಲಿ ಅಡಿಕೆ ಆರಿಸುತ್ತಿದ್ದರು. ಯಾವುದನ್ನು ಇಟ್ಟುಕೊಳ್ಳಬೇಕೆಂದು ಅವನನ್ನೇ ಕೇಳಿದೆ. ಬೂದು ಕಾರೇ ಇರಲಿ ಎಂದು ತಡವರಿಸದೆ ಹೇಳಿದ.

“ಗೇರ್ ಇಲ್ಲದ ಗಾಡಿಗೆ ಡ್ರೈವರ್ ಯಾಕ ಬೇಕ್ರಿ ಮಾಸ್ತರ್ರ? ಕೆಂಪುದು ಬಂದ್ರ ನಾನ ಹೊಡೀತೀನಿ ಅಂತ ಸಾವ್ಕಾರ್ರು ನಿನ್ನೆ ಅಂದಾರ.”

“ಬೂದುದು ಬಂದ್ರ ನಿಮ್ಮ ಕಾಲು ಏನ್ ಮಾಡ್ತದ, ಯಮನೂರಪ್ಪಣ್ಣ?” ಅಂದೆ.

ಅವನು ಎಡಗಾಲಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ. ಆಮೇಲೆ ಹೇಳಿದ. ವರ್ಷದ ಮೇಲಾಯಿತಂತೆ, ಸೊಂಟದಿಂದ ಕೆಳಗೆ ಎಡಗಾಲು ಜೋಮು ಹಿಡಿದಂತಾಗಿ. ಕ್ಲಚ್ ಒತ್ತಿತೋ ಇಲ್ಲವೋ ಅವನಿಗೆ ತಿಳಿಯುವುದಿಲ್ಲವಂತೆ. ಡಾಕ್ಟರು ನರದ ತೊಂದರೆ ಎಂದಿದ್ದರು, ಗುಣವಾಗುವ ಭರವಸೆ ಕೊಟ್ಟಿರಲಿಲ್ಲ. ಹೋದ ತಿಂಗಳು ಕುಕನೂರಿನ ಹತ್ತಿರ ನಿಲ್ಲಿಸಹೋದಾಗ ಕಾಲು ಜಾರಿ ಗಾಡಿ ನೆಗೆದು, ಎದುರಿನ ಚಕ್ಕಡಿಯ ಎತ್ತುಗಳು ಒಂದು ಮೊಳದ ಅಂತರದಲ್ಲಿ ಉಳಿದಿದ್ದವು. ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಇಳಿದು ಒಂದು ತಾಸು ಬೇವಿನ ಮರದ ಕೆಳಗೆ ಕುಳಿತಿದ್ದು ಬಂದಿದ್ದ.

“ಹೇಳಬ್ಯಾಡ್ರಿ,” ಅಂದ. “ಊರಾಗ ನನಗ ಡ್ರೈವರ್ ಯಮನೂರಪ್ಪ ಅಂತಾರ. ಅದು ಹ್ವಾದ್ರ ಬರೇ ಯಮನೂರಪ್ಪ ಅನ್ನಾವ ಯಾರು ಅಂತ ನನಗ ಗೊತ್ತಿಲ್ರಿ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ತಿಳಿಯಿತು, ಎರಡು ಕಾರುಗಳ ನಡುವೆ ಸಿಕ್ಕಿಬಿದ್ದವನು ಈಗ ಎಲ್ಲಿ ಸಿಕ್ಕಿಬಿದ್ದಿದ್ದಾನೆಂದು. ಬೂದು ಕಾರು ಬಂದರೆ ಇವನ ಕೆಲಸ ಉಳಿಯುತ್ತದೆ, ಆದರೆ ಇವನಿಂದ ನಡೆಸಲಾಗದು. ಇಂದಲ್ಲ ನಾಳೆ ಯಾರದೋ ಎತ್ತು, ಯಾರದೋ ಮಗು ಆ ಒಂದು ಮೊಳದೊಳಗೆ ಬಂದೀತು. ಕೆಂಪು ಕಾರು ಬಂದರೆ ಇವನಷ್ಟು ಚೆನ್ನಾಗಿ ನಡೆಸುವವರು ಯಾರೂ ಇಲ್ಲ, ಆದರೆ ಇವನ ಅಗತ್ಯವೇ ಇಲ್ಲ. ನಡೆಸಬಲ್ಲ ಕಾರು ಇವನನ್ನು ಬೇಡವೆನ್ನುತ್ತದೆ, ಬೇಕೆನ್ನುವ ಕಾರನ್ನು ಇವನು ನಡೆಸಲಾರ. ಛಂದಸ್ಸು, ಅಲಂಕಾರ, ವ್ಯಾಕರಣ ಎಲ್ಲವನ್ನೂ ಓದಿದ್ದ ನನಗೆ ಈ ಗಂಟನ್ನು ಬಿಚ್ಚುವ ಒಂದು ಸೂತ್ರವೂ ನೆನಪಾಗಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ತೀರ್ಪು ಹೇಳು ಎಂದರು ಮಾವ. ಯಮನೂರಪ್ಪ ಪಡಸಾಲೆಯ ಬಾಗಿಲ ಬಳಿ ನಿಂತಿದ್ದ. ನಾನು ಕೆಂಪು ಕಾರು ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಅದನ್ನು ಯಮನೂರಪ್ಪನೇ ನಡೆಸಬೇಕು ಎಂದೂ ಸೇರಿಸಿದೆ. ತನ್ನಷ್ಟಕ್ಕೆ ಗೇರು ಬದಲಿಸುವ ಗಾಡಿಗೆ ನಡೆಸುವವನು ಏಕೆ ಎಂದು ಮಾವ ಕೇಳಿದರು. ಆಗ ನನ್ನ ಬಾಯಿಯಿಂದ ಒಂದು ಶಾಸ್ತ್ರವೇ ಹುಟ್ಟಿತು. ಸ್ವಯಂಚಾಲಿತ ಯಂತ್ರಗಳಿಗೆ ಸ್ವಭಾವವೆಂಬುದು ಇರುತ್ತದೆಂದೂ, ಅದನ್ನು ಅರಿಯದವರ ಕೈಯಲ್ಲಿ ಅವು ಕೆಡುತ್ತವೆಂದೂ, ವಿದೇಶಗಳಲ್ಲಿ ಇಂಥ ಕಾರನ್ನು ಇಪ್ಪತ್ತು ವರ್ಷದ ಅನುಭವವಿದ್ದವರಿಗೇ ಕೊಡುತ್ತಾರೆಂದೂ ಸಾಲುಸಾಲಾಗಿ ಸುಳ್ಳು ಹೇಳುತ್ತ ಹೋದೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಜೋಳದ ರೊಟ್ಟಿ ನನ್ನ ಕೈಯಲ್ಲೇ ಒಣಗಿತು.

ಅತ್ತೆ ನನ್ನ ನೆರವಿಗೆ ಬಂದರು. ಸಂಚಿ ಹಾರಿಸಿದವರು ಇಬ್ಬರು, ಹಾರಿಸದವನು ಒಬ್ಬ. ಅವನು ನಡೆಸಿದರೆ ಮಾತ್ರ ತಾವು ಹತ್ತುವುದಾಗಿ ಹೇಳಿಬಿಟ್ಟರು.

ಅಷ್ಟರಲ್ಲಿ ಬಾಗಿಲ ಕಡೆಯಿಂದ ಮಾತು ಬಂತು.

“ಸಾವ್ಕಾರ್ರ, ಮಾಸ್ತರ್ರು ನನ್ನ ಸಲುವಾಗಿ ಸುಳ್ಳು ಹೇಳಾಕತ್ತಾರ. ನನ್ನ ಎಡಗಾಲು ಹೋಗೈತ್ರಿ. ವರ್ಷ ಆತು.”

ಕುಕನೂರಿನ ಚಕ್ಕಡಿಯ ಸಂಗತಿಯನ್ನೂ ಬಿಡದೆ ಹೇಳಿದ. ಮಾವ ಊಟ ಮುಗಿಸಿದರು, ಎದ್ದು ಕೈ ತೊಳೆದರು, ಟವೆಲಿನಿಂದ ಬೆರಳು ಬೆರಳನ್ನೂ ಒರೆಸಿಕೊಂಡರು. ಮೊದಲು ಬೈದರು. ಆ ಎತ್ತುಗಳ ಜಾಗದಲ್ಲಿ ಮನುಷ್ಯರಿದ್ದಿದ್ದರೆ ಏನಾಗುತ್ತಿತ್ತು, ಇಪ್ಪತ್ತು ವರ್ಷ ಜೊತೆಗಿದ್ದವನಿಗೆ ಒಂದು ಮಾತು ಹೇಳಲು ಬಾಯಿ ಬರಲಿಲ್ಲವೇ ಎಂದು ದನಿ ಏರಿಸಿ ಕೇಳಿದರು. ಆಮೇಲೆ ಮಾವನ ದನಿ ಇಳಿಯಿತು.

“ಆ ಕೆಂಪು ಗಾಡ್ಯಾಗ ಎಡಗಾಲಿಗೆ ಏನ್ ಕೆಲಸ ಐತಿ?”

“ಏನೂ ಇಲ್ರಿ.”

“ಮತ್ತ?” ಅಂದರು ಮಾವ. ಅಷ್ಟೇ. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋದರು.

ಕೆಂಪು ಕಾರು ಮನೆಯಲ್ಲಿ ಉಳಿಯಿತು. ಮುಂದೆ ಇದ್ದದ್ದು ಎರಡೇ ಆಸನ: ಒಂದರಲ್ಲಿ ಯಮನೂರಪ್ಪ, ಇನ್ನೊಂದರಲ್ಲಿ ಹಿಂದೆ ಹತ್ತಲು ಒಪ್ಪದ ಅತ್ತೆ. ಹೀಗಾಗಿ ಚಿರತೆಯ ಮಾಲೀಕರು ಮೊಣಕಾಲನ್ನು ಗದ್ದಕ್ಕೆ ತಾಗಿಸಿ, ತಲೆಯ ರುಮಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಹಿಂದಿನ ಇಕ್ಕಟ್ಟಿನಲ್ಲಿ ಯಲಬುರ್ಗಾ, ಕುಷ್ಟಗಿಗಳನ್ನು ಸಂಚರಿಸಿದರು. ಎರೆಮಣ್ಣಿನ ದಾರಿಗಳಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಊರೂರಲ್ಲೂ ಜನ ಕೂಡಿ, ಗೇರು ಹಾಕದೆ ಹೋಗುವುದು ಹೇಗೆ ಎಂದು ಕೇಳುತ್ತಿದ್ದರು. ಗಾಡಿಯೇ ಕೇಳಿಕೊಂಡು ಹಾಕಿಕೊಳ್ಳುತ್ತದೆ ಎಂದು ಯಮನೂರಪ್ಪ ಗಂಭೀರವಾಗಿ ಹೇಳುತ್ತಿದ್ದನಂತೆ.

ಎಂಬತ್ತರ ದಶಕ ಹುಟ್ಟಿ ಎರಡು ಮೂರು ವರ್ಷಕ್ಕೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಪಕ್ಕದಲ್ಲಿ ಕುಳಿತು ಕುಳಿತು ಬೇಜಾರಾದ ಅತ್ತೆ, ಇದರಲ್ಲಿ ಮಾಡುವುದಾದರೂ ಏನಿದೆ ಎಂದು ಕಾಲುವೆಯ ರಸ್ತೆಯಲ್ಲೇ ಕಲಿತುಬಿಟ್ಟರು. ಕಲಿಸಿದವನು ಯಮನೂರಪ್ಪ. ಅವರ ಎಡಗಾಲಿಗೆ ಹಳೆಯ ಅಭ್ಯಾಸವೊಂದೂ ಇಲ್ಲದ್ದರಿಂದ ವಿದ್ಯೆ ಎಂಟು ದಿನಕ್ಕೆ ಹತ್ತಿತು. ಗಂಗಾವತಿಯಲ್ಲಿ ಸೆರಗು ಹೊದ್ದ ಐವತ್ತರ ಹೆಂಗಸೊಬ್ಬರು ಕೆಂಪು ಸ್ಪೋರ್ಟ್ಸ್ ಕಾರು ಹೊಡೆಯುವುದನ್ನು ನೋಡಲು ಗಿರಣಿಯ ಕೂಲಿಯವರು ಕೆಲಸ ನಿಲ್ಲಿಸಿ ಬರುತ್ತಿದ್ದರು. ಯಮನೂರಪ್ಪನ ಬಲಗಾಲೂ ಸೋಲತೊಡಗಿದ ಮೇಲೆ ಚಕ್ರ ಅತ್ತೆಯದೇ ಆಯಿತು, ಪಕ್ಕದ ಆಸನ ಅವನದು. ಹಾದಿ ಹೇಳುವುದಕ್ಕೆ ಅವನಿಲ್ಲದೆ ತಾವು ಹೊರಡುವುದಿಲ್ಲ ಎಂದು ಅತ್ತೆ ಖಂಡಿತವಾಗಿ ಹೇಳಿದ್ದರು. ಅತ್ತೆಗೆ ತಿಳಿಯದ ಹಾದಿ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಒಂದೂ ಇರಲಿಲ್ಲ.

ಒಂದು ಸಂಜೆ ಮೂವರೂ ಕೊಪ್ಪಳಕ್ಕೆ ಬಂದಿದ್ದರು. ಅತ್ತೆ ಮಾವ ಒಳಗೆ ಚಹಾ ಕುಡಿಯುತ್ತಿದ್ದರು. ಯಮನೂರಪ್ಪ ಇಳಿಯುವುದು ಕಷ್ಟವೆಂದು ಕಾರಿನಲ್ಲೇ ಕುಳಿತಿದ್ದ. ಅವನ ಚಹಾದ ಬಟ್ಟಲು ಹಿಡಿದುಕೊಂಡು ಹೊರಗೆ ಬಂದೆ. ಚಹಾ ಕುಡಿಯುತ್ತ, ಅವತ್ತು ನಿಜವಾಗಿ ನನಗೆ ಯಾವ ಕಾರು ಚೆನ್ನಾಗಿದೆ ಅನಿಸಿತ್ತು ಎಂದು ಕೇಳಿದ. ಇವತ್ತಿಗೂ ತಿಳಿದಿಲ್ಲ ಎಂದೆ. ಸಂಕೋಚಕ್ಕೆ ಹೇಳಿದ ಮಾತಲ್ಲ. ಕೊಟ್ಟ ತೀರ್ಪು ಕಾರಿನದೋ ಮನುಷ್ಯನದೋ ಎಂಬುದೇ ನನಗೆ ಸ್ಪಷ್ಟವಿರಲಿಲ್ಲ.

ಯಮನೂರಪ್ಪ ಬಟ್ಟಲನ್ನು ನನ್ನ ಕೈಗೆ ಕೊಟ್ಟ. ತನ್ನ ಎರಡೂ ಕಾಲುಗಳನ್ನು, ಬೇರೆ ಯಾರವೋ ಎಂಬಂತೆ, ಒಮ್ಮೆ ನೋಡಿದ.

“ಹಗಲೊತ್ತು ಇದ ಛಲೋ ಐತ್ರಿ, ಮಾಸ್ತರ್ರ,” ಅಂದ. “ಕನಸಿನ್ಯಾಗ ಮಾತ್ರ ನಾ ಈಗೂ ಕ್ಲಚ್ ತುಳಿತೀನಿ.”